ಇಸಿಐಎಲ್ ಗೇಟಿನ ಈಚೆ ನಿಂತು

ಕುಷಾಯಿಗೂಡದಲ್ಲಿ ಮನೆ ಮಾಡಿದ ಹೊಸತರಲ್ಲಿ ಬೇಗ ಕಲಿತ ಪಾಠವೆಂದರೆ, ವಿಳಾಸ ಹೇಳುವಾಗ ಮೊದಲು ‘ಇಸಿಐಎಲ್’ ಅನ್ನಬೇಕು, ಆಮೇಲೆ ಉಳಿದದ್ದು. ಸಿಟಿ ಬಸ್ಸಿನ ಬೋರ್ಡಿನ ಮೇಲೂ ಅದೇ, ಆಟೋದವನ ಬಾಯಲ್ಲೂ ಅದೇ. ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ 1967ರಲ್ಲಿ ಶುರುವಾದದ್ದು, ಅಣುಶಕ್ತಿ ಇಲಾಖೆಯ ಅಡಿಯಲ್ಲಿ. ಅದನ್ನು ಕಟ್ಟಿದ ವಿಜ್ಞಾನಿ ಅಯ್ಯಗಾರಿ ಸಾಂಬಶಿವ ರಾವ್. ಪಕ್ಕದ ಎ.ಎಸ್. ರಾವ್ ನಗರ ಅವರ ಹೆಸರಿನದು. ನಮ್ಮ ದೇಶದಲ್ಲೇ ತಯಾರಾದ ಮೊದಮೊದಲ ಕಂಪ್ಯೂಟರ್ ಟಿಡಿಸಿ-12 ಹೊರಬಂದದ್ದು ಇದೇ ಕಂಪನಿಯಿಂದ, 1969ರಲ್ಲಿ. ಎಂ.ಟೆಕ್ ಓದುವಾಗ ಪಠ್ಯದ ಅಡಿಟಿಪ್ಪಣಿಯಲ್ಲಿ ನೋಡಿದ ಹೆಸರಿನ ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ಈಗ ನಾನು ತರಕಾರಿ ಕೊಳ್ಳುತ್ತೇನೆ.

ಆದರೆ ನಮ್ಮ ಅವ್ವನಿಗೆ ಇಸಿಐಎಲ್ ಅಂದರೆ ಒಂದೇ ಅರ್ಥ: ಓಟಿನ ಮಷೀನು ಮಾಡುವ ಜಾಗ.

2024ರ ಮೇ 7ರಂದು ಗದಗದಲ್ಲಿ ಮತದಾನ. ಸಂಜೆ ಅವ್ವ ಫೋನ್ ಮಾಡಿದಳು. ಬಿಸಿಲು, ಸಾಲು, ಬೆರಳಿನ ಮಸಿ ಎಲ್ಲ ಹೇಳಿ ಮುಗಿಸಿ ಕೇಳಿದಳು: “ಚೀಟಿ ಕಂಡ್ತಪ್ಪಾ, ಏಳೆಣಿಸೂದ್ರಾಗ ಬಿದ್ದ ಹೋತು. ಖರೆ ಮಷೀನಿನ ಒಳಗ ಏನ್ ಬರ್ಕೊಂಡ್ತು, ಅದನ್ನ ಯಾರ ಹೇಳ್ಬೇಕು? ನೀ ಅದನ್ನ ಮಾಡೂ ಊರಾಗ ಅದೀಯಲ್ಲ, ಒಂದ್ಸಲ ಕೇಳಿ ನೋಡು.”

ನಾನು ನಕ್ಕೆ. ಆ ರಾತ್ರಿ ಊಟವಾದ ಮೇಲೆ ಕೇಂದ್ರ ಸರ್ಕಾರದ ಆರ್‌ಟಿಐ ಪೋರ್ಟಲ್ ತೆರೆದೆ. ಇಸಿಐಎಲ್ ಕೇಂದ್ರದ ಸಾರ್ವಜನಿಕ ಉದ್ದಿಮೆ, ಹಾಗಾಗಿ ಮಾಹಿತಿ ಹಕ್ಕು ಕಾಯ್ದೆಗೆ ಒಳಪಟ್ಟದ್ದು. ಶುಲ್ಕ 10 ರೂಪಾಯಿ. ಏಕೆ ಬೇಕು ಎಂದು ಕಾರಣ ಕೊಡಬೇಕಾಗಿಲ್ಲ, ಕಾಯ್ದೆಯ 6(2) ಅದನ್ನು ಖಚಿತವಾಗಿ ಹೇಳುತ್ತದೆ. ಪೋರ್ಟಲ್ಲಿನಲ್ಲಿ 3000 ಅಕ್ಷರ ಬರೆಯಬಹುದು. (ನಮ್ಮ ಕರ್ನಾಟಕದ ನಿಯಮ ಇನ್ನೂ ಬಿಗಿ: 2008ರ ತಿದ್ದುಪಡಿಯ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ನಮ್ಮವರ ಪ್ರಶ್ನೆಗಳಿಗೆ ಪೀಠಿಕೆಯೇ 150 ಪದ ಬೇಕು.) ಬರೆಯುವ ಮುಂಚೆ, ಕಚೇರಿಯಲ್ಲಿ ಹೊಸಬರಿಗೆ ನಾನೇ ಹೇಳುವ ಮಾತು ನೆನಪಾಯಿತು: ಟಿಕೆಟ್ ಹಾಕುವ ಮುಂಚೆ ಹಳೆಯ ಟಿಕೆಟ್ ಹುಡುಕಿ. ಹುಡುಕುತ್ತ ಹೋದೆ. ಅವ್ವನ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ಕೇಳಿದವರ ಸಾಲು ಬಹಳ ಉದ್ದವಿತ್ತು. ಅದರ ತುದಿ ಹಿಡಿದರೆ 1975ಕ್ಕೆ ಹೋಗಿ ನಿಂತೆ.

ಮಾಹಿತಿ ಹಕ್ಕಿನ ಕತೆ ಹೇಳುವಾಗ ರಾಜಸ್ಥಾನದಿಂದ ಶುರು ಮಾಡುವುದು ರೂಢಿ. ಅದು ತಪ್ಪಲ್ಲ. ದೇವಡುಂಗರಿಯಲ್ಲಿ 1990ರಲ್ಲಿ ಹುಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ, ಬರಗಾಲದ ಕಾಮಗಾರಿಯ ಹಾಜರಿ ಪಟ್ಟಿ ತೋರಿಸಿ ಎಂದು ಪಟ್ಟು ಹಿಡಿದ ಕೂಲಿಕಾರರು, 1996ರಲ್ಲಿ ಬ್ಯಾವರಿನಲ್ಲಿ 40 ದಿನ ನಡೆದ ಧರಣಿ, ಇವಿಲ್ಲದೆ 2005ರ ಕಾಯ್ದೆ ಇರುತ್ತಿರಲಿಲ್ಲ. ಆದರೆ ನ್ಯಾಯಾಲಯದ ಬಾಯಲ್ಲಿ ಈ ಹಕ್ಕು ಮೊದಲು ಕೇಳಿಸಿದ್ದು ಚುನಾವಣಾ ತಕರಾರೊಂದರಲ್ಲಿ ಎಂಬುದನ್ನು ನಾವು ಮರೆತಿದ್ದೇವೆ.

1971ರಲ್ಲಿ ರಾಯ್‌ಬರೇಲಿಯಲ್ಲಿ ಇಂದಿರಾ ಗಾಂಧಿಯವರ ಎದುರು ಸೋತ ರಾಜ್ ನಾರಾಯಣ್ ಅಲಹಾಬಾದ್ ಹೈಕೋರ್ಟಿಗೆ ಹೋದರು. ಪ್ರಧಾನಿಯ ಪ್ರವಾಸಕ್ಕೆ ಸರ್ಕಾರ ಏನೇನು ವ್ಯವಸ್ಥೆ ಮಾಡಬೇಕು ಎಂಬ ಸೂಚನೆಗಳ ‘ಬ್ಲೂ ಬುಕ್’ ಎಂಬ ಪುಸ್ತಕವಿತ್ತು. ಅದನ್ನು ಹಾಜರುಪಡಿಸಿ ಎಂದು ಕೇಳಿದರು. ಅದು ಗೋಪ್ಯ ಎಂದಿತು ಉತ್ತರ ಪ್ರದೇಶ ಸರ್ಕಾರ. ಗೋಪ್ಯವಲ್ಲ ಎಂದರು ಹೈಕೋರ್ಟ್ ನ್ಯಾಯಾಧೀಶರು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1975ರ ಜನವರಿ 24ರ ತೀರ್ಪಿನಲ್ಲಿ ಸರ್ಕಾರದ ಮೇಲ್ಮನವಿಯೇ ಗೆದ್ದಿತು. ಪುಸ್ತಕವನ್ನು ನ್ಯಾಯಾಧೀಶರು ತಾವೇ ನೋಡಿ, ಗೋಪ್ಯವೇ ಅಲ್ಲವೇ ಎಂದು ಮತ್ತೆ ತೀರ್ಮಾನಿಸಲಿ ಎಂದು ವಾಪಸು ಕಳಿಸಿದರು. ಅಂದರೆ ಕೇಳಿದವನಿಗೆ ಆ ದಿನ ಏನೂ ಸಿಗಲಿಲ್ಲ. ಆದರೆ ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ಪ್ರತ್ಯೇಕವಾಗಿ ಬರೆದರು. ಅಧಿಕಾರಿಗಳು ಸಾರ್ವಜನಿಕವಾಗಿ ಮಾಡುವ ಪ್ರತಿಯೊಂದು ಕೆಲಸವನ್ನೂ ತಿಳಿಯುವ ಹಕ್ಕು ಜನರಿಗಿದೆ ಎಂಬ ಅರ್ಥದ ಅವರ ಮಾತು ಮುಂದೆ ಮಾಹಿತಿ ಹಕ್ಕಿನ ಪ್ರತಿಯೊಂದು ವಾದಕ್ಕೂ ಬುನಾದಿಯಾಯಿತು. ಐದು ತಿಂಗಳಿಗೆ ತುರ್ತುಪರಿಸ್ಥಿತಿ ಬಂತು, ಆ ಮಾತು ಬಹಳ ವರ್ಷ ಕಪಾಟಿನಲ್ಲೇ ಉಳಿಯಿತು.

ಮುಂದಿನ ದೊಡ್ಡ ಹೆಜ್ಜೆಯೂ ಚುನಾವಣೆಯದೇ. 1999ರಲ್ಲಿ ಅಹಮದಾಬಾದ್ ಐಐಎಂನ ಕೆಲವು ಪ್ರಾಧ್ಯಾಪಕರು ಎಡಿಆರ್ ಎಂಬ ಸಂಸ್ಥೆ ಕಟ್ಟಿ, ಅಭ್ಯರ್ಥಿಗಳ ಮೇಲಿನ ಕ್ರಿಮಿನಲ್ ಮೊಕದ್ದಮೆ, ಆಸ್ತಿ, ಓದು ಇವುಗಳನ್ನು ಮತದಾರನಿಗೆ ತಿಳಿಸಬೇಕು ಎಂದು ಕೋರ್ಟಿಗೆ ಹೋದರು. ಅವರಲ್ಲೊಬ್ಬರಾದ ತ್ರಿಲೋಚನ ಶಾಸ್ತ್ರಿ ಮುಂದೆ ಬೆಂಗಳೂರಿನ ಐಐಎಂನಲ್ಲಿ ಪಾಠ ಮಾಡಿದವರು. 2002ರ ಮೇ 2ರಂದು ಸುಪ್ರೀಂ ಕೋರ್ಟ್ ಹೌದೆಂದಿತು. ಅದನ್ನು ಮೊಟಕು ಮಾಡಲು ಸಂಸತ್ತು ತಂದ ತಿದ್ದುಪಡಿಯನ್ನು 2003ರ ಮಾರ್ಚಿನಲ್ಲಿ ಕೋರ್ಟ್ ರದ್ದು ಮಾಡಿತು. ಇವತ್ತು ನಾವು ಮೊಬೈಲಿನಲ್ಲಿ ಶಾಸಕರ ಅಫಿಡವಿಟ್ ನೋಡಿ ಬಾಯಿ ಬಿಡುತ್ತೇವಲ್ಲ, ಅದು ಅಲ್ಲಿಂದ ಬಂದದ್ದು.

ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ಕೇಂದ್ರದ ಕಾಯ್ದೆಗೆ ಐದು ವರ್ಷ ಮುಂಚೆಯೇ, 2000ದಲ್ಲಿ, ನಮ್ಮಲ್ಲಿ ಸ್ವಂತ ಮಾಹಿತಿ ಹಕ್ಕು ಕಾಯ್ದೆ ಬಂತು. ಆದರೆ ಅದನ್ನು ಜಾರಿ ಮಾಡುವ ನಿಯಮಗಳು ಬಂದದ್ದು 2002ರಲ್ಲಿ. ಬೀಗ ಮೊದಲು ಕೊಟ್ಟು ಕೀಲಿಕೈ ಎರಡು ವರ್ಷದ ಮೇಲೆ ಕೊಟ್ಟ ಹಾಗೆ. ನಾನೀಗ ಇರುವ ತೆಲಂಗಾಣದಲ್ಲಿ ಬೇರೆ ಥರ: ಕಾಯ್ದೆ ಇದೆ, ನಿಯಮವಿದೆ, ಆದರೆ 2023ರ ಫೆಬ್ರವರಿಯಿಂದ 2025ರ ಮೇವರೆಗೆ ರಾಜ್ಯ ಮಾಹಿತಿ ಆಯೋಗದಲ್ಲಿ ಒಬ್ಬ ಆಯುಕ್ತರೂ ಇರಲಿಲ್ಲ.

ಈಗ ಯಂತ್ರಕ್ಕೆ ಬರೋಣ.

ಇಸಿಐಎಲ್ ಮಾಡಿದ ಮಾದರಿ ಮತಯಂತ್ರವನ್ನು ಚುನಾವಣಾ ಆಯೋಗ ಪಕ್ಷಗಳ ಪ್ರತಿನಿಧಿಗಳಿಗೆ ತೋರಿಸಿದ್ದು 1980ರ ಆಗಸ್ಟ್ 6ರಂದು. ಆಮೇಲೆ ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಜೊತೆ ಸೇರಿತು. ಇವತ್ತಿಗೂ ದೇಶದ ಎಲ್ಲ ಇವಿಎಂಗಳನ್ನು ಮಾಡುವುದು ಈ ಎರಡೇ ಕಂಪನಿಗಳು. ಒಂದು ನಾನು ಕೆಲಸ ಕಲಿತ ಊರಿನಲ್ಲಿ, ಇನ್ನೊಂದು ನಾನು ಬದುಕುವ ಊರಿನಲ್ಲಿ. ಮೊದಲ ಬಳಕೆ 1982ರ ಮೇ 19ರಂದು, ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ. ಸಿಪಿಐನ ಶಿವನ್ ಪಿಳ್ಳೆ ಮತದಾನಕ್ಕೆ ಮುಂಚೆಯೇ ಯಂತ್ರ ಬೇಡವೆಂದು ಕೋರ್ಟಿಗೆ ಹೋಗಿದ್ದರು, ಆದರೆ 123 ಮತಗಳಿಂದ ಅವರೇ ಗೆದ್ದರು. ಸೋತ ಕಾಂಗ್ರೆಸ್ಸಿನ ಎ.ಸಿ. ಜೋಸ್ ಈಗ ಕೋರ್ಟಿಗೆ ಹೋದರು. 1984ರಲ್ಲಿ ಸುಪ್ರೀಂ ಕೋರ್ಟ್, ಕಾನೂನಿನಲ್ಲಿ ಮತಪತ್ರ ಎಂದಿರುವಾಗ ಯಂತ್ರ ಬಳಸುವ ಅಧಿಕಾರ ಆಯೋಗಕ್ಕಿಲ್ಲ ಎಂದಿತು. ಆ 50 ಮತಗಟ್ಟೆಗಳಲ್ಲಿ ಮತ್ತೆ ಮತದಾನ ನಡೆದು ಜೋಸ್ ಗೆದ್ದರು. ಯಂತ್ರದ ಮೇಲಿನ ಅನುಮಾನ ಯಾವಾಗಲೂ ಸೋತವರ ಕಡೆ ವಾಲುತ್ತದೆ ಎಂಬುದಕ್ಕೆ ಮೊದಲ ಚುನಾವಣೆಯೇ ಸಾಕ್ಷಿ. ಮುಂದೂ ಹಾಗೇ ಆಯಿತು. 2010ರಲ್ಲಿ ಇವಿಎಂ ವಿರುದ್ಧ ಜಿ.ವಿ.ಎಲ್. ನರಸಿಂಹ ರಾವ್ ಪುಸ್ತಕ ಬರೆದರು, ಅದಕ್ಕೆ ಮುನ್ನುಡಿ ಎಲ್.ಕೆ. ಅಡ್ವಾಣಿಯವರದು. ಇವತ್ತು ಕೇಳುವವರು ಬೇರೆ ಸಾಲಿನಲ್ಲಿ ಕೂತಿದ್ದಾರೆ.

ಕಾನೂನು ತಿದ್ದಿ ಯಂತ್ರಕ್ಕೆ ಜಾಗ ಮಾಡಿದ್ದು 1989ರಲ್ಲಿ. ಕಾಗದದ ಕಾಲ ಎಷ್ಟು ಕಷ್ಟದ್ದಿತ್ತು ಎಂಬುದನ್ನೂ ಹೇಳಬೇಕು. 1996ರ ಲೋಕಸಭೆ ಚುನಾವಣೆಯಲ್ಲಿ ನಲ್ಗೊಂಡದಲ್ಲಿ 480 ಜನ, ನಮ್ಮ ಬೆಳಗಾವಿಯಲ್ಲಿ 456 ಜನ ಅಭ್ಯರ್ಥಿಗಳು. ಅಲ್ಲಿ ಫ್ಲೋರೈಡ್ ನೀರಿನ ಸಿಟ್ಟು, ಇಲ್ಲಿ ಗಡಿಯ ಸಿಟ್ಟು. ಮತಪತ್ರ ಅನ್ನುವುದು ಪುಸ್ತಕವೇ ಆಗಿತ್ತು. 2019ರಲ್ಲಿ ನಿಜಾಮಾಬಾದಿನಲ್ಲಿ ಅರಿಶಿನ ಬೆಳೆಗಾರರು ಸಾಲುಗಟ್ಟಿ ನಾಮಪತ್ರ ಹಾಕಿ ಅಭ್ಯರ್ಥಿಗಳ ಸಂಖ್ಯೆ 185ಕ್ಕೆ ಹೋದಾಗ ಒಂದೊಂದು ಮತಗಟ್ಟೆಯಲ್ಲೂ 12 ಬ್ಯಾಲಟ್ ಯೂನಿಟ್ ಜೋಡಿಸಿ ಯಂತ್ರದಲ್ಲೇ ಮತದಾನ ಮುಗಿಸಿದರು. ಎಂಜಿನಿಯರನಾಗಿ ಅದನ್ನು ನಾನು ಮೆಚ್ಚದೆ ಇರಲಾರೆ.

ಪೋರ್ಟಲ್ಲಿನ ಖಾಲಿ ಚೌಕದ ಮುಂದೆ ಕೂತವನಿಗೆ ಬೇಕಿದ್ದ ಕತೆ ಇಲ್ಲಿಂದ ಶುರು. ಅದು ಒಂದೇ ಪದದ ಕತೆ: ಬೌದ್ಧಿಕ ಆಸ್ತಿ.

2009ರ ಸೆಪ್ಟೆಂಬರ್. ಹೈದರಾಬಾದಿನ ತಂತ್ರಜ್ಞ ಹರಿಪ್ರಸಾದ್ ವೇಮೂರು ಮತ್ತು ಸಂಗಡಿಗರನ್ನು ಚುನಾವಣಾ ಆಯೋಗ ಕರೆಸಿತು, ಯಂತ್ರದ ದೋಷ ತೋರಿಸಿ ಎಂದು. ಅವರು ಯಂತ್ರ ಬಿಚ್ಚಿ ನೋಡುವ ಹಂತಕ್ಕೆ ಬಂದಾಗ ಪ್ರದರ್ಶನ ನಿಂತಿತು. ಬಿಚ್ಚಿದರೆ ಇಸಿಐಎಲ್‌ನ ಬೌದ್ಧಿಕ ಆಸ್ತಿಯ ಉಲ್ಲಂಘನೆ ಎಂಬ ಕಾರಣಕ್ಕೆ. ಮರುವರ್ಷ ಹೆಸರು ಹೇಳದ ಯಾರೋ ಕೊಟ್ಟ ಯಂತ್ರವೊಂದನ್ನು ಹರಿಪ್ರಸಾದ್, ಅಮೆರಿಕದ ಅಲೆಕ್ಸ್ ಹಾಲ್ಡರ್‌ಮನ್, ನೆದರ್‌ಲ್ಯಾಂಡ್ಸಿನ ರೋಪ್ ಹಾಂಗ್ರೈಪ್ ಸೇರಿ ಪರೀಕ್ಷಿಸಿ, ಯಂತ್ರ ಕೈಗೆ ಸಿಕ್ಕವನು ಅದರಲ್ಲಿ ಏನೇನು ಮಾಡಬಹುದು ಎಂದು ಪ್ರಬಂಧ ಪ್ರಕಟಿಸಿದರು. 2010ರ ಆಗಸ್ಟಿನಲ್ಲಿ ಮುಂಬೈ ಪೊಲೀಸರು ಹೈದರಾಬಾದಿಗೆ ಬಂದು ಯಂತ್ರ ಕಳವಿನ ಪ್ರಕರಣದಲ್ಲಿ ಹರಿಪ್ರಸಾದರನ್ನು ಬಂಧಿಸಿದರು. ಕಳವಾದ ಯಂತ್ರವನ್ನು ಕೇಳುವುದು ಪೊಲೀಸರ ಕೆಲಸ, ಸರಿ. ಆದರೆ ಮೊದಲ ಸಲ ಅವರು ಬಾಗಿಲಿನಿಂದಲೇ ಬಂದಿದ್ದರು ಎಂಬುದೂ ನಿಜ.

ಹತ್ತು ವರ್ಷದ ಮೇಲೆ ಇನ್ನೊಬ್ಬ ಅರ್ಜಿದಾರ ಮಾಹಿತಿ ಹಕ್ಕಿನಲ್ಲಿ ಆಯೋಗಕ್ಕೆ ನೇರವಾಗಿ ಬರೆದ: ನನಗೆ ಒಂದು ಇವಿಎಂ ಕೊಡಿ. ತಮಾಷೆಯಂತೆ ಕಾಣುತ್ತದೆ. ಆದರೆ ಕಾಯ್ದೆಯ 2(ಎಫ್) ಓದಿ ನೋಡಿ. ‘ಮಾಹಿತಿ’ ಎಂದರೆ ದಾಖಲೆ, ಟಿಪ್ಪಣಿ, ಇಮೇಲ್ ಮಾತ್ರವಲ್ಲ, ಮಾದರಿ ಮತ್ತು ನಮೂನೆಯೂ ಹೌದು. ರಸ್ತೆಗೆ ಹಾಕಿದ ಡಾಂಬರಿನ ನಮೂನೆ ಕೇಳಲು ಜನ ಬಳಸುವುದು ಇದೇ ಬಗೆಯ ಅವಕಾಶವನ್ನು. (ಅದೇ ಸೆಕ್ಷನ್ನಿನ ಇನ್ನೊಂದು ಉಪವಾಕ್ಯ ಫ್ಲಾಪಿಯಲ್ಲಿ ಮಾಹಿತಿ ಪಡೆಯುವ ಹಕ್ಕನ್ನೂ ಕೊಟ್ಟಿದೆ. ನನ್ನ ಟೀಮಿನ ಹುಡುಗರಿಗೆ ಫ್ಲಾಪಿ ಎಂದರೆ ಸೇವ್ ಬಟನ್ನಿನ ಚಿತ್ರ.) 2019ರ ಫೆಬ್ರವರಿಯಲ್ಲಿ ಕೇಂದ್ರ ಮಾಹಿತಿ ಆಯೋಗ, ಇವಿಎಂ ಕೂಡ ಮಾಹಿತಿಯೇ ಎಂದು ಒಪ್ಪಿತು. ಆದರೆ ಚುನಾವಣಾ ಆಯೋಗದ ಕೈಯಲ್ಲಿ ಇನ್ನೊಂದು ವಾದವಿತ್ತು: ಒಳಗಿನ ಸಾಫ್ಟ್‌ವೇರ್ ತಯಾರಕರ ಬೌದ್ಧಿಕ ಆಸ್ತಿ, ಬಹಿರಂಗವಾದರೆ ಅವರ ವ್ಯಾಪಾರಕ್ಕೆ ಪೆಟ್ಟು, ಆದ್ದರಿಂದ ಸೆಕ್ಷನ್ 8(1)(ಡಿ) ಪ್ರಕಾರ ಕೊಡಬೇಕಾಗಿಲ್ಲ. 2024ರಲ್ಲಿ ವೆಂಕಟೇಶ್ ನಾಯಕ್ ಎಂಬ ಮಾಹಿತಿ ಹಕ್ಕು ಕಾರ್ಯಕರ್ತರು ಬಿಡಿಭಾಗ ಪೂರೈಸುವ ಕಂಪನಿಗಳ ಹೆಸರು ಕೇಳಿದಾಗಲೂ ಇಸಿಐಎಲ್ ಹಿಡಿದದ್ದು ಅದೇ 8(1)(ಡಿ)ಯನ್ನು. ಸ್ಪರ್ಧೆಯಲ್ಲಿ ಹಿನ್ನಡೆ ಆಗುತ್ತದೆ ಎಂದು.

ಯಾರ ಜೊತೆ ಸ್ಪರ್ಧೆ? ಈ ದೇಶದಲ್ಲಿ ಮತಯಂತ್ರ ಕೊಳ್ಳುವ ಮುಖ್ಯ ಗಿರಾಕಿ ಒಬ್ಬನೇ, ಮಾರುವವರು ಇಬ್ಬರೇ, ಇಬ್ಬರೂ ಸರ್ಕಾರದ ಕಂಪನಿಗಳು. 8(1)(ಡಿ) ಪೂರ್ತಿ ಓದಿದರೆ ಬಾಲದಲ್ಲಿ ಒಂದು ಮಾತಿದೆ: ದೊಡ್ಡ ಸಾರ್ವಜನಿಕ ಹಿತ ಇದ್ದರೆ ಕೊಡಬಹುದು. ಮತ ಎಣಿಸುವ ಯಂತ್ರಕ್ಕಿಂತ ದೊಡ್ಡ ಸಾರ್ವಜನಿಕ ಹಿತ ಯಾವುದಿದೆಯೋ ನನಗೆ ಹೊಳೆಯುತ್ತಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಯಂತ್ರಗಳಲ್ಲಿ ಮೋಸ ನಡೆದಿದೆ ಎಂದು ನಾನು ನಂಬುವುದಿಲ್ಲ. ಇಂಟರ್ನೆಟ್ಟಿಗೆ ತಗುಲದ ಲಕ್ಷಾಂತರ ಬಿಡಿ ಯಂತ್ರಗಳು, ಯಾವುದು ಯಾವ ಮತಗಟ್ಟೆಗೆ ಎಂಬುದು ಮೊದಲೇ ಗೊತ್ತಾಗದ ಹಂಚಿಕೆ, ಏಜೆಂಟರ ಎದುರು ಅಣಕು ಮತದಾನ, ಇವನ್ನೆಲ್ಲ ದಾಟಿ ದೊಡ್ಡ ಪ್ರಮಾಣದಲ್ಲಿ ಕೈಯಾಡಿಸುವುದು ಕಷ್ಟ. ಕೇಳುವವರೂ ಕೆಲವೊಮ್ಮೆ ಎಡವುತ್ತಾರೆ. 2022ರ ಮಾರ್ಚಿನಲ್ಲಿ ಕರ್ನಾಟಕ ವಿಧಾನಸಭೆಯಲ್ಲಿ ಚುನಾವಣಾ ಸುಧಾರಣೆಯ ಚರ್ಚೆ ನಡೆದಾಗ ನಮ್ಮ ಗದಗಿನ ಶಾಸಕ ಎಚ್.ಕೆ. ಪಾಟೀಲರು ಆರ್‌ಟಿಐ ಉತ್ತರಗಳನ್ನು ಮುಂದಿಟ್ಟು, ಸುಮಾರು 19 ಲಕ್ಷ ಯಂತ್ರಗಳ ಲೆಕ್ಕ ಸಿಗುತ್ತಿಲ್ಲ ಎಂದರು. ಬಿಇಎಲ್ ಮತ್ತು ಇಸಿಐಎಲ್ ಕಳಿಸಿದ್ದೇವೆ ಎಂದ ಸಂಖ್ಯೆಗೂ ಆಯೋಗ ಪಡೆದಿದ್ದೇವೆ ಎಂದ ಸಂಖ್ಯೆಗೂ ಹೊಂದಾಣಿಕೆ ಇಲ್ಲ ಎಂದು. ಆ ಉತ್ತರಗಳನ್ನು ತರಿಸಿಕೊಂಡಿದ್ದವರು ಮುಂಬೈನ ಮನೋರಂಜನ್ ರಾಯ್, ಅವರು 2018ರಲ್ಲೇ ಬಾಂಬೆ ಹೈಕೋರ್ಟಿಗೆ ಹೋಗಿದ್ದರು. ಆಯೋಗದಿಂದ ವಿವರಣೆ ಕೇಳುವುದಾಗಿ ಸಭಾಧ್ಯಕ್ಷ ವಿಶ್ವೇಶ್ವರ ಹೆಗಡೆ ಕಾಗೇರಿ ಹೇಳಿದರು. ಯಂತ್ರ ಕಾಣೆಯಾಗಿದೆ ಎಂಬುದನ್ನು ಆಯೋಗ ಒಪ್ಪಲಿಲ್ಲ.

ಮೂರು ಕಚೇರಿಗಳ ಮೂರು ಎಕ್ಸೆಲ್ ಶೀಟು ಒಂದಕ್ಕೊಂದು ತಾಳೆಯಾಗದೆ ಇರುವುದು ನನಗೆ ದಿನದ ಅನುಭವ. ಒಬ್ಬ ಆರ್ಡರ್ ದಿನಾಂಕ ಹಾಕಿರುತ್ತಾನೆ, ಇನ್ನೊಬ್ಬ ಬಿಲ್ ದಿನಾಂಕ, ಮತ್ತೊಬ್ಬ ಲಾರಿ ಇಳಿಸಿದ ದಿನಾಂಕ. ಒಬ್ಬ ಕಂಟ್ರೋಲ್ ಯೂನಿಟ್ ಎಣಿಸಿದರೆ ಇನ್ನೊಬ್ಬ ಇಡೀ ಸೆಟ್ ಎಣಿಸುತ್ತಾನೆ. ಕಳ್ಳತನ ಎಂಬ ತೀರ್ಮಾನಕ್ಕೆ ನಾನು ಜಿಗಿಯಲಾರೆ. ಆದರೆ ನನ್ನ ಕ್ಲೈಂಟ್ ಇಂಥ ವ್ಯತ್ಯಾಸ ತೋರಿಸಿದರೆ ‘ಆರೋಪ ಸುಳ್ಳು’ ಎಂದು ಮೇಲ್ ಕಳಿಸಿ ಸುಮ್ಮನಿರಲು ನನಗೆ ಆಗುವುದಿಲ್ಲ. ಮೂರೂ ಶೀಟು ಕೂಡಿಸಿ, ವರ್ಷವಾರು, ರಾಜ್ಯವಾರು ಪಟ್ಟಿ ಮಾಡಿ ಎದುರಿಗಿಡಬೇಕು.

ಜರ್ಮನಿಯಲ್ಲಿ ಈ ಪ್ರಶ್ನೆ ಬೇರೆ ದಾರಿ ಹಿಡಿಯಿತು. 2005ರ ಸಂಸತ್ ಚುನಾವಣೆಯಲ್ಲಿ ಅಲ್ಲಿನ ಸುಮಾರು 20 ಲಕ್ಷ ಮತದಾರರು ನೇಡಪ್ ಎಂಬ ಡಚ್ ಕಂಪನಿಯ ಯಂತ್ರ ಬಳಸಿದ್ದರು. ವೀಸ್ನರ್ ಎಂಬ ತಂದೆ–ಮಗ ಕೋರ್ಟಿಗೆ ಹೋದರು. 2009ರ ಮಾರ್ಚ್ 3ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಯಂತ್ರದಲ್ಲಿ ಮೋಸ ಆಗಿದೆ ಎಂದು ಹೇಳಲೇ ಇಲ್ಲ, ಚುನಾವಣೆಯನ್ನೂ ರದ್ದು ಮಾಡಲಿಲ್ಲ. ಮತದಾನ ಮತ್ತು ಎಣಿಕೆಯ ಮುಖ್ಯ ಹೆಜ್ಜೆಗಳನ್ನು ವಿಶೇಷ ತಾಂತ್ರಿಕ ಜ್ಞಾನ ಇಲ್ಲದ ನಾಗರಿಕನೂ ಪರಿಶೀಲಿಸುವಂತಿರಬೇಕು, ಆ ಯಂತ್ರಗಳಲ್ಲಿ ಅದು ಸಾಧ್ಯವಿಲ್ಲ, ಆದ್ದರಿಂದ ಆ ರೀತಿಯ ಬಳಕೆ ಸಂವಿಧಾನಕ್ಕೆ ವಿರುದ್ಧ ಎಂದಿತು. ಅವ್ವ ಏಳನೇ ಇಯತ್ತೆ ಓದಿದವಳು. ಆ ತೀರ್ಪು ಅವಳನ್ನು ಎದುರಿಗೆ ಕೂರಿಸಿಕೊಂಡು ಬರೆದಂತಿದೆ.

ನಮ್ಮಲ್ಲಿ ಆದದ್ದು ನಡುವಿನ ದಾರಿ. ಸುಬ್ರಮಣಿಯನ್ ಸ್ವಾಮಿಯವರ ಅರ್ಜಿಯ ಮೇಲೆ 2013ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ವಿವಿಪ್ಯಾಟ್ ಚೀಟಿ ಬೇಕೇ ಬೇಕು ಎಂದಿತು. 2019ರ ಏಪ್ರಿಲಿನಲ್ಲಿ, ಆಗ ಆಂಧ್ರದ ಮುಖ್ಯಮಂತ್ರಿಯಾಗಿದ್ದ ಚಂದ್ರಬಾಬು ನಾಯ್ಡು ಮತ್ತಿತರರ ಅರ್ಜಿಯಲ್ಲಿ, ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಐದು ಮತಗಟ್ಟೆಗಳ ಚೀಟಿ ಎಣಿಸಿ ತಾಳೆ ನೋಡಿ ಎಂದಿತು. ಸೋರ್ಸ್ ಕೋಡನ್ನು ಸ್ವತಂತ್ರವಾಗಿ ತಪಾಸಣೆ ಮಾಡಿಸಿ ಎಂಬ ಅರ್ಜಿಯನ್ನು 2023ರಲ್ಲಿ ವಜಾ ಮಾಡಿತು. 2024ರ ಏಪ್ರಿಲ್ 26ರಂದು, ಎಲ್ಲ ಚೀಟಿ ಎಣಿಸಬೇಕು ಎಂಬ ಬೇಡಿಕೆಯನ್ನು ತಳ್ಳಿಹಾಕಿ ಒಂದು ಕಿಟಕಿ ತೆರೆಯಿತು: ಎರಡು, ಮೂರನೇ ಸ್ಥಾನ ಬಂದವರು ಫಲಿತಾಂಶದ ಏಳು ದಿನದೊಳಗೆ ಕೇಳಿದರೆ, ಪ್ರತಿ ವಿಧಾನಸಭಾ ಕ್ಷೇತ್ರದ ಶೇ. 5 ಯಂತ್ರಗಳ ಮೈಕ್ರೋಕಂಟ್ರೋಲರ್ ತಪಾಸಣೆ ಮಾಡಬಹುದು. ಆಯೋಗ ಒಂದು ಸೆಟ್ಟಿಗೆ ಜಿಎಸ್‌ಟಿ ಸೇರಿಸಿ 47,200 ರೂಪಾಯಿ ನಿಗದಿ ಮಾಡಿತು. ಬೀದರಿಗೆ ಹೋಗುವ ದಾರಿಯಲ್ಲಿ ಸಿಗುವ, ಕನ್ನಡ ಕಿವಿಗೆ ಬೀಳುವ ಜಹೀರಾಬಾದಿನಿಂದಲೂ ಅರ್ಜಿ ಹೋಯಿತು, ಬಿಜೆಪಿ ಅಭ್ಯರ್ಥಿ ಬಿ.ಬಿ. ಪಾಟೀಲರದು. ಬೇರೆ ಕಡೆ ಕಾಂಗ್ರೆಸ್, ವೈಎಸ್ಆರ್‌ಸಿಪಿ ಅಭ್ಯರ್ಥಿಗಳದೂ ಇತ್ತು.

ತಪಾಸಣೆ ಮಾಡುವವರು ಯಾರು? ತಯಾರಕ ಕಂಪನಿಯ ಎಂಜಿನಿಯರುಗಳೇ. ನಮ್ಮ ಪಕ್ಕದ ಫ್ಲ್ಯಾಟಿನಲ್ಲಿ ಇಸಿಐಎಲ್‌ನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ನಾನು ‘ಅಂಕಲ್’ ಎನ್ನುತ್ತೇನೆ, ಅವರು ನನ್ನನ್ನು ‘ಬಾಬು’ ಎನ್ನುತ್ತಾರೆ. “ಅಂಕಲ್, ನಮ್ಮ ಕಡೆ ಕೋಡ್ ಬರೆದವನ ಕೈಗೇ ಟೆಸ್ಟಿಂಗ್ ಕೊಟ್ಟು ಸಹಿ ಹಾಕಿಸಿಕೊಂಡರೆ ನನ್ನ ಕೆಲಸ ಹೋಗುತ್ತೆ” ಎಂದೆ. ಅವರಿಗೆ ಬೇಸರವಾಯಿತು. ಮೂವತ್ತೈದು ವರ್ಷ ಆ ಗೇಟಿನೊಳಗೆ ದುಡಿದವರು. “ನಾವು ಕಳ್ಳರಾ ಬಾಬು?” ಎಂದರು. ಅಲ್ಲ ಅಂಕಲ್, ನಾನೂ ಕಳ್ಳನಲ್ಲ, ಆದರೂ ನನ್ನ ಕೆಲಸವನ್ನು ಬೇರೆಯವರು ನೋಡುತ್ತಾರೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಟೀ ತರಿಸಿದರು.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು ಹಳೆಯ ನಿಯಮ. ಆರ್‌ಟಿಐ ಕಾಯ್ದೆಗೆ 44 ವರ್ಷ ಮೊದಲೇ, 1961ರ ಚುನಾವಣಾ ನಿರ್ವಹಣಾ ನಿಯಮಗಳ 93ನೇ ನಿಯಮ, ಮತಪತ್ರದಂಥ ಕೆಲವನ್ನು ಬಿಟ್ಟು ಚುನಾವಣೆಗೆ ಸಂಬಂಧಿಸಿದ ಉಳಿದೆಲ್ಲ ಕಾಗದಪತ್ರ ಸಾರ್ವಜನಿಕರ ಪರಿಶೀಲನೆಗೆ ಮುಕ್ತ ಎಂದಿತ್ತು. ಆ ಸಾಲು ಬರೆದ ಗುಮಾಸ್ತರಿಗೆ ಕ್ಯಾಮೆರಾ, ಮೈಕ್ರೋಕಂಟ್ರೋಲರ್ ಗೊತ್ತಿರಲಿಲ್ಲ, ಆದರೂ ಬಾಗಿಲು ಅಗಲವಾಗಿಯೇ ಇಟ್ಟಿದ್ದರು. 2024ರ ಡಿಸೆಂಬರಿನಲ್ಲಿ ಮತಗಟ್ಟೆಯ ಸಿಸಿಟಿವಿ ದೃಶ್ಯವನ್ನು ಅರ್ಜಿದಾರರಿಗೆ ಕೊಡಿ ಎಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಹೇಳಿತು. ಅದಾಗಿ ಎರಡು ವಾರ ಕಳೆಯುವುದರೊಳಗೆ, ಡಿಸೆಂಬರ್ 20ರಂದು, ಆ ಸಾಲಿಗೆ ಕೆಲವು ಪದ ಸೇರಿತು. ಈಗ ತೆರೆದಿರುವುದು ಎಲ್ಲ ಕಾಗದವೂ ಅಲ್ಲ, ‘ಈ ನಿಯಮಗಳಲ್ಲಿ ನಮೂದಿಸಿದ’ ಕಾಗದ ಮಾತ್ರ. ದೃಶ್ಯ ಬಹಿರಂಗವಾದರೆ ಮತದಾರರ ಗೋಪ್ಯತೆಗೆ ಧಕ್ಕೆ ಎಂಬುದು ಅಧಿಕಾರಿಗಳ ಕಾರಣ. ಅದರಲ್ಲಿ ಸ್ವಲ್ಪ ಹುರುಳಿದೆ. ಆದರೆ ಮುಖ ಮಸುಕು ಮಾಡುವ ಸಾಫ್ಟ್‌ವೇರ್ ನನ್ನ ಮಗಳ ಫೋನಿನಲ್ಲೂ ಇದೆ.

ಅವತ್ತು ಅರ್ಧಕ್ಕೆ ಬಿಟ್ಟ ಅರ್ಜಿಯನ್ನು ಹೋದ ಭಾನುವಾರ ಪೂರ್ತಿ ಮಾಡಿದೆ. ಸೋರ್ಸ್ ಕೋಡ್ ಕೇಳಲಿಲ್ಲ, ಸಿಗುವ ಉತ್ತರ ಗೊತ್ತು. ವರ್ಷವಾರು ಎಷ್ಟು ಕಂಟ್ರೋಲ್ ಯೂನಿಟ್, ಎಷ್ಟು ಬ್ಯಾಲಟ್ ಯೂನಿಟ್, ಎಷ್ಟು ವಿವಿಪ್ಯಾಟ್ ಯಾವ ರಾಜ್ಯಕ್ಕೆ ಕಳಿಸಿದಿರಿ, ಸ್ವೀಕೃತಿ ರಸೀದಿ ಇದೆಯೇ, ಎಂದಷ್ಟೇ ಕೇಳಿದೆ. 8(1)(ಡಿ)ಯ ಬಾಲವನ್ನೂ ಮೊದಲೇ ನೆನಪಿಸಿದೆ. 3000ದಲ್ಲಿ 1140 ಅಕ್ಷರ ಆಯಿತು. ಗದಗಿಗೆ ಫೋನ್ ಮಾಡಿ ಹೇಳಿದೆ.

“ಎಷ್ಟ ದಿನದಾಗ ಹೇಳ್ತಾರ?”

“ಮೂವತ್ತ ದಿನ, ಅವ್ವ.”

“ಆತು. ನಾ ಕ್ಯಾಲೆಂಡರ್‌ದಾಗ ಗುರ್ತ ಹಾಕಿಡ್ತೀನಿ” ಎಂದಳು.